ಕಳ್ಳಬೇಟೆಗೆ ಶಿಕ್ಷೆ ಇದ್ದರೂ ಅದೇ ಆಳು ಮತ್ತೆ ಕಾಡಿಗೆ ಹೋಗುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ದಟ್ಟ ಕಾಡು ಕಡಿಮೆ. ಇಲ್ಲಿರುವುದು ಕುರುಚಲು ಗುಡ್ಡ, ಬಂಡೆ, ಗೋಮಾಳ, ಕೆರೆ ಅಂಗಳ, ನಡುನಡುವೆ ಹೊಲ. ಹಾಗಾಗಿ ಬೇಟೆಯೂ ಊರಿಗೆ ಅಂಟಿಕೊಂಡೇ ನಡೆಯುತ್ತದೆ. ಹಿಡಿದವರು, ಹಿಡಿಸಿದವರು, ಸಾಕ್ಷಿ ಹೇಳಬೇಕಾದವರು ಎಲ್ಲರೂ ಒಂದೇ ಸಂತೆಗೆ ಹೋಗುವವರು. ಈ ಪುಟ ಓದುವಾಗ ಈ ಒಂದು ಸಂಗತಿ ನೆನಪಿನಲ್ಲಿರಲಿ.

ಸಿಕ್ಕಿಬಿದ್ದವನು ಆರು ತಿಂಗಳಲ್ಲಿ ಮತ್ತೆ ಉರುಳು ಹಾಕುತ್ತಾನೆ. ಶಿಕ್ಷೆ ಸಾಲುತ್ತಿಲ್ಲವೇ?

ಕಾಗದದ ಮೇಲಿನ ಶಿಕ್ಷೆ ಸಣ್ಣದಲ್ಲ. ಅದು ಅವನವರೆಗೆ ಬರುವುದಿಲ್ಲ, ಬಂದರೂ ವರ್ಷಗಟ್ಟಲೆ ತಡವಾಗಿ ಬರುತ್ತದೆ.

ಲೆಕ್ಕ ಅರ್ಥವಾಗಲಿ ಎಂದು ಒಂದು ಕಾಲ್ಪನಿಕ ಉದಾಹರಣೆ. ಒಬ್ಬ 100 ರಾತ್ರಿ ಬೇಟೆಗೆ ಹೋದರೆ 2 ಸಲ ಸಿಕ್ಕಿಬೀಳುತ್ತಾನೆ ಎನ್ನೋಣ. ಸಿಕ್ಕ 10 ಕೇಸಿನಲ್ಲಿ 1 ಮಾತ್ರ ಶಿಕ್ಷೆಯಲ್ಲಿ ಮುಗಿಯುತ್ತದೆ ಎನ್ನೋಣ. ಆಗ 500 ರಾತ್ರಿಗೆ ಒಂದು ಶಿಕ್ಷೆ, ಅದೂ ನಾಲ್ಕೈದು ವರ್ಷ ಕಳೆದ ಮೇಲೆ. ಇದನ್ನು 3 ವರ್ಷದಿಂದ 7 ವರ್ಷಕ್ಕೆ ಏರಿಸಿದರೂ ಇವತ್ತು ರಾತ್ರಿ ಹೊರಡುವವನ ತಲೆಯಲ್ಲಿ ಏನೂ ಬದಲಾಗುವುದಿಲ್ಲ. ಸಿಕ್ಕಿಬೀಳುವ ಸಂಖ್ಯೆ 2ರಿಂದ 10ಕ್ಕೆ ಏರಿದರೆ ಮಾತ್ರ ಬದಲಾಗುತ್ತದೆ. ಏಕೆಂದರೆ ಆಗ ಪಕ್ಕದ ಮನೆಯವನು ಸಿಕ್ಕಿಬಿದ್ದದ್ದನ್ನು ಅವನು ಕಣ್ಣಾರೆ ನೋಡಿರುತ್ತಾನೆ.

ಕಾನೂನಿನಲ್ಲಿ ಈಗ ಎಷ್ಟು ಶಿಕ್ಷೆ ಇದೆ?

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 51ನೇ ಕಲಮು ನೋಡಬೇಕು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೇ ಅನುಸೂಚಿಯ (ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿ) ಪ್ರಾಣಿಯಾದರೆ, ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಬೇಟೆಯಾಡಿದರೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.

ನಮ್ಮ ಭಾಗದ ಚಿರತೆ, ಕರಡಿ, ತೋಳ, ಕೃಷ್ಣಮೃಗ, ಚಿಂಕಾರ, ಚಿಪ್ಪುಹಂದಿ, ಕಾಡುಪಾಪ, ನವಿಲು, ಉಡ, ನಕ್ಷತ್ರ ಆಮೆ ಎಲ್ಲವೂ ಮೊದಲನೇ ಅನುಸೂಚಿಯಲ್ಲಿವೆ. ಕಾಡುಹಂದಿ, ಮೊಲ, ಚುಕ್ಕೆ ಜಿಂಕೆ ಎರಡನೆಯದರಲ್ಲಿವೆ.

ಉಡ ಹಿಡಿಯುವವರಲ್ಲಿ ಬಹಳ ಮಂದಿಗೆ ಅದು ಚಿರತೆಯಷ್ಟೇ ಭಾರವಾದ ಕೇಸು ಎಂಬುದೇ ತಿಳಿದಿಲ್ಲ. ಗೊತ್ತೇ ಇಲ್ಲದ ಶಿಕ್ಷೆಗೆ ಯಾರೂ ಹೆದರುವುದಿಲ್ಲವಲ್ಲ.

ಎಲ್ಲಿ ಹೊಡೆದರು ಎನ್ನುವುದರಿಂದ ಶಿಕ್ಷೆ ಬದಲಾಗುತ್ತದೆಯೇ?

ಬದಲಾಗುತ್ತದೆ. ಕೊರಟಗೆರೆ ಕಡೆಯ ಗೋಮಾಳದಲ್ಲಿ ಮೊಲ ಹೊಡೆದರೆ ಕನಿಷ್ಠ ಶಿಕ್ಷೆ ಎಂಬುದಿಲ್ಲ. ಅದೇ ಮೊಲವನ್ನು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಚಿಂಕಾರ ಅಭಯಾರಣ್ಯದ ಗಡಿಯೊಳಗೆ ಹೊಡೆದರೆ ಕನಿಷ್ಠ 3 ವರ್ಷ. ಬುಕ್ಕಾಪಟ್ಟಣ ಅಭಯಾರಣ್ಯವಾಗಿ ಘೋಷಣೆಯಾದದ್ದು 2019ರಲ್ಲಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮ 'ಸಂರಕ್ಷಣಾ ಮೀಸಲು', ಅಭಯಾರಣ್ಯವಲ್ಲ. ಆದರೆ ಕೃಷ್ಣಮೃಗ ಮೊದಲನೇ ಅನುಸೂಚಿಯದಾದ್ದರಿಂದ ಅದನ್ನು ಮೀಸಲಿನ ಒಳಗೆ ಹೊಡೆದರೂ ಅಷ್ಟೇ, ಪಕ್ಕದ ಕಡಲೆಕಾಯಿ ಹೊಲದಲ್ಲಿ ಹೊಡೆದರೂ ಅಷ್ಟೇ. 'ನಮ್ಮ ಪಟ್ಟಾ ಜಮೀನು' ಎನ್ನುವ ವಾದ ನಿಲ್ಲುವುದಿಲ್ಲ.

ಎರಡನೇ ಸಲ ಸಿಕ್ಕರೆ ಹೆಚ್ಚು ಶಿಕ್ಷೆ ಇಲ್ಲವೇ?

ಇದೆ, ಆದರೆ ಜನ ಅಂದುಕೊಂಡ ಹಾಗಲ್ಲ. ಎರಡನೇ ಅಥವಾ ನಂತರದ ಅಪರಾಧಕ್ಕೆ ಕನಿಷ್ಠ 3, ಗರಿಷ್ಠ 7 ವರ್ಷ ಎನ್ನುತ್ತದೆ ಕಾಯ್ದೆ. ಮೊಲ, ಕಾಡುಹಂದಿ ಹೊಡೆಯುವವನಿಗೆ ಇದು ದೊಡ್ಡ ಏರಿಕೆ. ಚಿರತೆ ಹೊಡೆಯುವವನಿಗೆ ಮೊದಲ ಸಲವೇ 3ರಿಂದ 7 ವರ್ಷ ಇದ್ದುದರಿಂದ ಜೈಲಿನ ಅವಧಿಯಲ್ಲಿ ಎರಡನೇ ಸಲಕ್ಕೆ ವ್ಯತ್ಯಾಸವೇ ಇಲ್ಲ. ದೊಡ್ಡ ಪ್ರಾಣಿಯ ಹಳೇ ಕಳ್ಳನಿಗೆ ಹೆಚ್ಚು ಬಿಗಿ ಇರಬೇಕಾದ ಕಡೆಯೇ ಅದು ಸಡಿಲ. ಹುಲಿ ಮೀಸಲಿನ ಒಳವಲಯದಲ್ಲಾದರೆ ಎರಡನೇ ಸಲಕ್ಕೆ ಕನಿಷ್ಠ 7 ವರ್ಷ, 5 ಲಕ್ಷದಿಂದ 50 ಲಕ್ಷ ರೂಪಾಯಿ ದಂಡ. ಈ ಮೂರು ಜಿಲ್ಲೆಗಳಲ್ಲಿ ಹುಲಿ ಮೀಸಲು ಇಲ್ಲ, ಆದ್ದರಿಂದ ಆ ಮಾತು ಇಲ್ಲಿಗೆ ಬರುವುದಿಲ್ಲ.

ಅವನ ಮೇಲೆ ಆಗಲೇ ನಾಲ್ಕು ಕೇಸಿವೆ. ಆದರೂ ಕೋರ್ಟು ಅವನನ್ನು ಮೊದಲ ಸಲದವನಂತೆ ಏಕೆ ನೋಡುತ್ತದೆ?

ಇಡೀ ವಿಷಯದ ಗಂಟು ಇಲ್ಲಿದೆ. 'ಎರಡನೇ ಅಪರಾಧ' ಎಂದು ಲೆಕ್ಕಕ್ಕೆ ಬರಬೇಕಾದರೆ ಮೊದಲನೆಯದರಲ್ಲಿ ದೋಷಿ ಎಂದು ತೀರ್ಪು ಬಂದಿರಬೇಕು. ವಿಚಾರಣೆಯಲ್ಲಿರುವ ಕೇಸು ನಾಲ್ಕಿರಲಿ, ಹತ್ತಿರಲಿ, ಅವು ಆರೋಪಗಳು. ಮೊದಲ ಕೇಸು ಆರು ವರ್ಷ ಎಳೆದರೆ ಆ ಆರು ವರ್ಷವೂ ಅವನು ಕಾನೂನಿನ ಕಣ್ಣಿಗೆ ಹೊಸಬ.

ಜಾಮೀನಿನಲ್ಲೂ ಇದೇ ಕಥೆ. 51ಎ ಕಲಮು ಜಾಮೀನನ್ನು ಬಿಗಿಗೊಳಿಸುತ್ತದೆ: ಸರ್ಕಾರಿ ಅಭಿಯೋಜಕರಿಗೆ ವಿರೋಧಿಸಲು ಅವಕಾಶ ಕೊಡಬೇಕು, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇರಬೇಕು, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ಕೋರ್ಟಿಗೆ ಅನಿಸಬೇಕು. ಆದರೆ ಇದೆಲ್ಲ ಅನ್ವಯಿಸುವುದು ಈ ಕಾಯ್ದೆಯಡಿ ಹಿಂದೆ ಶಿಕ್ಷೆಯಾದವನಿಗೆ, ಅದೂ ಮೊದಲನೇ ಅನುಸೂಚಿಯ ಪ್ರಾಣಿ ಅಥವಾ ಅಭಯಾರಣ್ಯದೊಳಗಿನ ಬೇಟೆಯ ಕೇಸಿನಲ್ಲಿ. ಬೀಗ ಗಟ್ಟಿ ಇದೆ, ಕೀಲಿ ಮೊದಲ ತೀರ್ಪಿನ ಕೈಯಲ್ಲಿದೆ.

ಆದ್ದರಿಂದ ಹಳೇ ಬೇಟೆಗಾರನ ವಿಷಯದಲ್ಲಿ ಐದನೇ ಸಲ ಹಿಡಿಯಲು ಓಡಾಡುವುದಕ್ಕಿಂತ ಅವನ ಮೊದಲನೇ ಕೇಸು ಯಾವ ಹಂತದಲ್ಲಿ ನಿಂತಿದೆ ಎಂದು ನೋಡಿ ಅದನ್ನು ಮುಗಿಸುವುದೇ ಹೆಚ್ಚು ಫಲ ಕೊಡುವ ಕೆಲಸ. ಗಸ್ತಿನ ಫೋಟೋ ಹಾಕಿಕೊಂಡಷ್ಟು ಮೆಚ್ಚುಗೆ ಇದಕ್ಕೆ ಸಿಗುವುದಿಲ್ಲ, ನಿಜ.

ದಂಡ ಕಟ್ಟಿಸಿಕೊಂಡು ಬಿಟ್ಟರೆ ಅದು ಶಿಕ್ಷೆ ಅಲ್ಲವೇ?

ಅಲ್ಲ. 54ನೇ ಕಲಮಿನಡಿ ಅಧಿಕಾರ ಪಡೆದ ಅಧಿಕಾರಿ (ಡಿಸಿಎಫ್, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಗಿಂತ ಕಡಿಮೆ ಅಲ್ಲದವರು) ಹಣ ಕಟ್ಟಿಸಿಕೊಂಡು ಕೇಸನ್ನು ರಾಜಿಯಲ್ಲಿ ಮುಗಿಸಬಹುದು. ಮೊದಲು ಇದರ ಮಿತಿ 25,000 ರೂಪಾಯಿ ಇತ್ತು, 2022ರ ತಿದ್ದುಪಡಿ ಅದನ್ನು 5 ಲಕ್ಷಕ್ಕೆ ಏರಿಸಿತು. ಕನಿಷ್ಠ ಶಿಕ್ಷೆ ನಿಗದಿಯಾಗಿರುವ ಅಪರಾಧಕ್ಕೆ ಈ ದಾರಿ ಇಲ್ಲ. ಮೊಲ, ಹಂದಿಯಂಥ ಕೇಸಿಗೆ ಇದೆ.

ಹಣ ಕಟ್ಟಿದ ಮೇಲೆ ಆ ಅಪರಾಧದ ಬಗ್ಗೆ ಮುಂದೆ ಯಾವ ಕ್ರಮವೂ ಇಲ್ಲ. ದೋಷಿ ಎಂಬ ತೀರ್ಪು ಇಲ್ಲದ ಮೇಲೆ ಮುಂದಿನ ಸಲ ಅವನು ಮತ್ತೆ ಮೊದಲ ಸಲದವನು. ಒಂದೇ ಒಂದು ಸಲ, ತಿಳಿಯದೆ ಮಾಡಿದವನಿಗೆ ಇದು ಸರಿಯಾದ ದಾರಿಯೇ. ಮಾಂಸ ಮಾರುವವನಿಗೆ ಮಾತ್ರ ಇದು ವ್ಯಾಪಾರದ ಖರ್ಚು. ಎರಡು ವಾರದಲ್ಲಿ ದುಡಿದುಕೊಳ್ಳುತ್ತಾನೆ. ರಾಜಿಗೆ ಒಪ್ಪುವ ಮುನ್ನ ಅಕ್ಕಪಕ್ಕದ ಅರಣ್ಯ ವಲಯಗಳಲ್ಲಿ ಆ ಹೆಸರು ಇದೆಯೇ ಎಂದು ವಿಚಾರಿಸುವುದು ಅರ್ಧ ದಿನದ ಕೆಲಸ.

3 ವರ್ಷ ಶಿಕ್ಷೆ ಎಂದು ಪೇಪರಿನಲ್ಲಿ ಬಂತು, ಸಂಜೆಗೆ ಆಸಾಮಿ ಊರಲ್ಲಿದ್ದ. ಇದು ಹೇಗೆ?

ಇದರಲ್ಲಿ ಲಂಚ ಹುಡುಕಬೇಕಾಗಿಲ್ಲ. ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಕೊಡಲು ಅಧಿಕಾರ ಇರುವುದೇ ಗರಿಷ್ಠ 3 ವರ್ಷ. ಮೊದಲನೇ ಅನುಸೂಚಿಯ ಕೇಸಿನಲ್ಲಿ ಕನಿಷ್ಠವೂ 3 ವರ್ಷ. ಅಂದರೆ ಕಾಯ್ದೆಯಲ್ಲಿ 7 ವರ್ಷ ಎಂದು ಬರೆದಿದ್ದರೂ ಅಲ್ಲಿಂದ ಹೊರಬರುವುದು 3 ವರ್ಷವೇ. ಹೆಚ್ಚು ಬೇಕು ಎನಿಸಿದರೆ ಆ ನ್ಯಾಯಾಧೀಶರು ಪ್ರಕರಣವನ್ನು ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಅವರಿಗೆ ಕಳಿಸಬೇಕು; ಅಲ್ಲಿ 7 ವರ್ಷದವರೆಗೆ ಕೊಡಬಹುದು. ಹಾಗೆ ಕಳಿಸಿ ಎಂದು ಅಭಿಯೋಜಕರು ಕೇಳುವುದು ಅಪರೂಪ.

ಇನ್ನೊಂದು: ಶಿಕ್ಷೆ 3 ವರ್ಷ ಮೀರದಿದ್ದರೆ, ಆರೋಪಿ ಜಾಮೀನಿನಲ್ಲಿದ್ದು ಮೇಲ್ಮನವಿ ಹಾಕುತ್ತೇನೆ ಎಂದರೆ, ಶಿಕ್ಷೆ ಕೊಟ್ಟ ಕೋರ್ಟೇ ಸಾಮಾನ್ಯವಾಗಿ ಮೇಲ್ಮನವಿಯ ಕಾಲಾವಕಾಶಕ್ಕೆ ಜಾಮೀನು ಕೊಡುತ್ತದೆ. ಊರಿನವರು ನೋಡುವುದು ಅದನ್ನೇ. ಆದರೆ ಶಿಕ್ಷೆ ಅಮಾನತಾದರೂ ದೋಷಿ ಎಂಬ ತೀರ್ಪು ಉಳಿದಿರುತ್ತದೆ, 51ಎ ಬೀಗ ಆ ದಿನದಿಂದ ಅವನ ಮೇಲಿದೆ. ಇದನ್ನು ಊರಿಗೂ ಹೇಳಬೇಕು, ಅವನಿಗೂ ಹೇಳಬೇಕು. ಹೇಳುವವರು ಇಲ್ಲ.

ಕೇಸು ಅಷ್ಟು ವರ್ಷ ಎಳೆಯುವುದೇಕೆ?

ವನ್ಯಜೀವಿ ಕೇಸು ಪೊಲೀಸರ ದೋಷಾರೋಪ ಪಟ್ಟಿಯಿಂದ ಶುರುವಾಗುವುದಿಲ್ಲ. 55ನೇ ಕಲಮಿನ ಪ್ರಕಾರ ಅಧಿಕಾರ ಪಡೆದ ಅರಣ್ಯಾಧಿಕಾರಿ ಕೋರ್ಟಿಗೆ ದೂರು ಕೊಡಬೇಕು. ಹೀಗೆ ಖಾಸಗಿ ದೂರಿನ ಮಾದರಿಯಲ್ಲಿ ಬಂದ ವಾರಂಟ್ ಪ್ರಕರಣದಲ್ಲಿ (ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರಬಹುದಾದ ಕೇಸು) ಆರೋಪ ಹೊರಿಸುವ ಮೊದಲು ಒಂದು ಸಲ ಸಾಕ್ಷ್ಯ, ಹೊರಿಸಿದ ಮೇಲೆ ಅದೇ ಸಾಕ್ಷಿಗಳನ್ನು ಮತ್ತೆ ಕರೆಸಿ ಪಾಟೀಸವಾಲು. ಜಪ್ತಿಗೆ ಸಾಕ್ಷಿ ನಿಂತ ಪಾವಗಡದ ಪಂಚ ಒಬ್ಬ ಕೂಲಿ ಬಿಟ್ಟು ಎರಡೆರಡು ಸಲ ಬರಬೇಕು, ಪ್ರತಿ ಸಲವೂ ವಾಯಿದೆ ಬೀಳಬಹುದು. ಅಷ್ಟರಲ್ಲಿ ಮಹಜರು ಬರೆದ ಉಪ ವಲಯ ಅರಣ್ಯಾಧಿಕಾರಿಗೆ ವರ್ಗವಾಗಿರುತ್ತದೆ, ಸಮನ್ಸ್ ಹಳೇ ಕಚೇರಿಯಲ್ಲೇ ಕೂತಿರುತ್ತದೆ.

ದೊಡ್ಡವರ ಕೇಸೂ ಇದಕ್ಕೆ ಹೊರತಲ್ಲ. ನಟ ಸಲ್ಮಾನ್ ಖಾನ್ ಮೇಲಿನ ಕೃಷ್ಣಮೃಗದ ಪ್ರಕರಣ 1998ರದು. ಜೋಧಪುರದ ಕೋರ್ಟು 5 ವರ್ಷ ಶಿಕ್ಷೆ ಕೊಟ್ಟದ್ದು 2018ರ ಏಪ್ರಿಲ್‌ನಲ್ಲಿ, ಎರಡು ದಿನದಲ್ಲಿ ಜಾಮೀನು ಸಿಕ್ಕಿತು.

ಸಿಕ್ಕಿಬಿದ್ದ ಕೇಸು ಬಿದ್ದುಹೋಗುವುದು ಎಲ್ಲಿ?

ಹೆಚ್ಚಿನವು ಮೊದಲ ಒಂದೆರಡು ದಿನದಲ್ಲೇ ಬಿದ್ದಿರುತ್ತವೆ. ಅದು ಗೊತ್ತಾಗುವುದು ಮಾತ್ರ ಐದು ವರ್ಷದ ಮೇಲೆ.

ಮೊದಲನೆಯದು ಜಾಗ. 'ದೇವರಾಯನದುರ್ಗ ಅರಣ್ಯದ ಹತ್ತಿರ' ಎಂದು ಬರೆದರೆ ವಕೀಲರಿಗೆ ಅದೇ ಸಾಕು. ಅಕ್ಷಾಂಶ ರೇಖಾಂಶ, ಸರ್ವೆ ನಂಬರು, ಮೀಸಲು ಅರಣ್ಯವೋ ಗೋಮಾಳವೋ ಪಟ್ಟಾವೋ, ಹತ್ತಿರದ ಗಡಿ ಕಲ್ಲಿನಿಂದ ಎಷ್ಟು ಮೀಟರು, ಇಷ್ಟೂ ಮಹಜರಿನಲ್ಲಿರಬೇಕು. ಅಭಯಾರಣ್ಯದ ಗಡಿಯಲ್ಲಂತೂ ಈ ಒಂದು ಸಾಲಿನ ಮೇಲೆ ಕನಿಷ್ಠ ಶಿಕ್ಷೆ ನಿಂತಿರುತ್ತದೆ.

ಎರಡನೆಯದು ಪ್ರಾಣಿಯ ಗುರುತು. 'ಸುಮಾರು ನಾಲ್ಕು ಕೆ.ಜಿ. ಕಾಡುಪ್ರಾಣಿ ಮಾಂಸ' ಎಂದು ಬರೆದು ಬಿಟ್ಟರೆ ಅದು ಕುರಿ ಎನ್ನುತ್ತಾರೆ, ಅಲ್ಲ ಎಂದು ಸಾಬೀತು ಮಾಡುವುದು ಇಲಾಖೆಯ ಹೊಣೆ. ಮಾಂಸ, ಚರ್ಮ, ಮೂಳೆಯ ತುಂಡು ಪ್ರತಿಯೊಂದರಿಂದಲೂ ಬೆರಳ ತುದಿಯಷ್ಟು ಮಾದರಿಯನ್ನು ಬೇರೆ ಬೇರೆ ಚಾಕು ಅಥವಾ ಒರೆಸಿದ ಬ್ಲೇಡಿನಲ್ಲಿ ತೆಗೆದು, ಬೇರೆ ಬೇರೆ ಡಬ್ಬಿಗೆ ಹಾಕಿ, ಶುದ್ಧ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು ಅಥವಾ ಫ್ರೀಜರಿನಲ್ಲಿಡಬೇಕು. ಫಾರ್ಮಲಿನ್ ಬೇಡ, ಅದು ಡಿಎನ್‌ಎ ಕೆಡಿಸುತ್ತದೆ. ಈ ತಪ್ಪು ಈಗಲೂ ನಡೆಯುತ್ತದೆ. ಬೇಯಿಸಿದ ಸಾರಿನ ತುಂಡಿನಿಂದಲೂ ಪ್ರಾಣಿ ಪತ್ತೆ ಸಾಧ್ಯ, ಹಾಗಾಗಿ ಪಾತ್ರೆ ಸಮೇತ ವಶಕ್ಕೆ ಪಡೆಯಬೇಕು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇಂಥ ಪರೀಕ್ಷೆ ಮಾಡುತ್ತವೆ. ಅರಗಿನ ಮುದ್ರೆಯ ಮಾದರಿ ದೂರಿನ ಜೊತೆ ಕೋರ್ಟಿಗೂ ಹೋಗಬೇಕು, ಪ್ರಯೋಗಾಲಯಕ್ಕೂ ಹೋಗಬೇಕು. ಡಬ್ಬಿ ಯಾರ ಕೈಯಿಂದ ಯಾರ ಕೈಗೆ ಯಾವ ದಿನ ಹೋಯಿತು ಎಂಬ ಸರಪಳಿಯಲ್ಲಿ ಒಂದು ದಿನ ಕಾಣೆಯಾದರೂ ಸಾಕು, ವಕೀಲರು ಅಲ್ಲೇ ಕೈಹಾಕುತ್ತಾರೆ.

ಮೂರನೆಯದು ಪಂಚರು. ಇಲಾಖೆಯ ದಿನಗೂಲಿಯವರನ್ನೇ ಪ್ರತಿ ಕೇಸಿಗೂ ಪಂಚರನ್ನಾಗಿ ಮಾಡಿದರೆ ಕೋರ್ಟು ನಂಬುವುದಿಲ್ಲ. ಅದೇ ಊರಿನವರನ್ನು ಮಾಡಿದರೆ ಉಲ್ಟಾ ಹೊಡೆಯುತ್ತಾರೆ. ಬೇರೆ ಇಲಾಖೆಯ ನೌಕರರು, ಪಕ್ಕದ ಹೋಬಳಿಯವರು ವಾಸಿ. ಶೋಧ, ಜಪ್ತಿಯ ವಿಡಿಯೋ ಚಿತ್ರೀಕರಣ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 105ನೇ ಕಲಮಿನಲ್ಲಿ ಬಂದಿದೆ. ಪಂಚರು ತಿರುಗಿಬಿದ್ದರೂ ವಿಡಿಯೋ ತಿರುಗುವುದಿಲ್ಲ. ಆದರೆ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ದೃಢೀಕರಣ) ಇರಲೇಬೇಕು, ಎ ಭಾಗ, ಬಿ ಭಾಗ ಎರಡೂ.

ನಾಲ್ಕನೆಯದು ಹೇಳಿಕೆ. ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಅಥವಾ ಅವರಿಗಿಂತ ಮೇಲಿನವರು ವನ್ಯಜೀವಿ ಕಾಯ್ದೆಯ 50(8)ರಡಿ ದಾಖಲಿಸಿದ ಸಾಕ್ಷ್ಯಕ್ಕೆ ವಿಚಾರಣೆಯಲ್ಲಿ ಬೆಲೆಯಿದೆ, ಆರೋಪಿಯ ಎದುರಿನಲ್ಲಿ ದಾಖಲಾಗಿದ್ದರೆ ಮಾತ್ರ. ಗಾರ್ಡ್ ಒಬ್ಬರು ರಾತ್ರಿ ಬರೆಸಿಕೊಂಡ ತಪ್ಪೊಪ್ಪಿಗೆ ನೆಚ್ಚಿ ಕೂರುವಂಥದ್ದಲ್ಲ.

ಐದನೆಯದು ಕಾಲಮಿತಿ. 3 ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ 3 ವರ್ಷದೊಳಗೆ ದೂರು ಸಲ್ಲಿಸದಿದ್ದರೆ ಕೋರ್ಟು ಎತ್ತಿಕೊಳ್ಳುವಂತಿಲ್ಲ. ಹಂದಿ, ಮೊಲದ ಕಡತ ಕಪಾಟಿನಲ್ಲೇ ಸಾಯುವುದು ಹೀಗೆ.

ಆರೋಪಿಗಳಿಗೆ ವಿರುದ್ಧವಾದ ಒಂದು ಬಲವಾದ ಅಸ್ತ್ರವೂ ಇದೆ: 57ನೇ ಕಲಮು. ಮಾಂಸ, ಚರ್ಮ ಅವನ ವಶದಲ್ಲಿತ್ತು ಎಂದು ಸಾಬೀತಾದರೆ ಅದು ಅಕ್ರಮ ಅಲ್ಲ ಎಂದು ತೋರಿಸುವ ಹೊಣೆ ಅವನದು. ಅದಕ್ಕೇ 'ವಶ' ಎಂಬುದನ್ನು ಗಟ್ಟಿಯಾಗಿ ಬರೆಯಬೇಕು: ಯಾವ ಕೋಣೆ, ಯಾರ ಬೀಗ, ಯಾರ ಹೆಸರಿನ ಬೈಕು.

ಹಿಂದೆ ಶಿಕ್ಷೆಯಾಗಿದೆ ಎಂದು ಹೊಸ ಕೇಸಿನಲ್ಲಿ ತೋರಿಸುವುದು ಹೇಗೆ?

ಹಿಂದಿನ ತೀರ್ಪಿನ ದೃಢೀಕೃತ ನಕಲು ಬೇಕು, ಈ ಆರೋಪಿಯೇ ಆ ಆರೋಪಿ ಎಂಬ ಪುರಾವೆ ಬೇಕು, ಮತ್ತು ಹಿಂದಿನ ಶಿಕ್ಷೆಯ ಸಂಗತಿ, ದಿನಾಂಕ, ಸ್ಥಳ ಹೊಸ ಆರೋಪ ಪತ್ರದಲ್ಲಿ ಬರೆದಿರಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ಪ್ರಕಟಿಸುವ ಮುಂಚೆ ಸೇರಿಸಿ ಎಂದು ಕೇಳಬಹುದು, ಆಮೇಲೆ ಆಗದು.

ಕಷ್ಟ ಇರುವುದು ಗುರುತಿನಲ್ಲಿ. ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ. ಗೌರಿಬಿದನೂರಿನಿಂದ ಹಿಂದೂಪುರ ಒಂದು ಬೈಕ್ ಸವಾರಿ. ಬಂಗಾರಪೇಟೆಯ ಕಾಮಸಮುದ್ರ ಕಡೆಯಿಂದ ಆಂಧ್ರವೂ ಹತ್ತಿರ, ತಮಿಳುನಾಡೂ ಹತ್ತಿರ. ಮೂರು ರಾಜ್ಯದ ಮೂರು ವಲಯ ಕಚೇರಿಯಲ್ಲಿ ಒಬ್ಬನೇ ಮೂರು ಹೆಸರಿನಲ್ಲಿರಬಹುದು, ಅಪ್ಪನ ಹೆಸರು ಒಂದಕ್ಷರ ಆಚೀಚೆ. ಹೆಸರು ಮತ್ತು ಊರು ಬರೆದುಕೊಂಡರೆ ಇದು ಹಿಡಿಯುವುದಿಲ್ಲ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯಡಿ ಬೆರಳಚ್ಚು, ಫೋಟೋ ತೆಗೆಯುವ ಅಧಿಕಾರ ಪೊಲೀಸರಿಗೆ ಮತ್ತು ಜೈಲು ಅಧಿಕಾರಿಗಳಿಗೆ ಇದೆ, ಮ್ಯಾಜಿಸ್ಟ್ರೇಟರೂ ಆದೇಶಿಸಬಹುದು. ಬಂಧಿಸಿದ ದಿನವೇ ಕೋರಿಕೆ ಕೊಡುವುದು ಒಳ್ಳೆಯದು. ಗಡಿ ವಲಯಗಳು ತಿಂಗಳಿಗೊಮ್ಮೆ ಹೆಸರು, ಫೋಟೋ, ಬಳಸಿದ ಉಪಕರಣದ ಪಟ್ಟಿ ಬದಲಾಯಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉರುಳಿನ ಗಂಟು ಕಟ್ಟುವ ರೀತಿ ಒಬ್ಬೊಬ್ಬರದು ಒಂದೊಂದು. ಹತ್ತಿರದಿಂದ ತೆಗೆದ ಫೋಟೋ ಇಟ್ಟುಕೊಂಡಿದ್ದರೆ ಅದೂ ಸುಳಿವೇ.

ಎಲ್ಲ ಬೇಟೆಗಾರರೂ ಒಂದೇ ಬಗೆಯೇ?

ಅಲ್ಲ, ಎಲ್ಲರಿಗೂ ಒಂದೇ ಔಷಧ ಎನ್ನುವುದೇ ತಪ್ಪು.

ಹೊಲದ ಬೇಲಿಗೆ ಉರುಳು ಕಟ್ಟುವ ರೈತ ಮಾಂಸಕ್ಕಿಂತ ಹೆಚ್ಚಾಗಿ ಬೆಳೆ ಉಳಿಸಲು ಕಟ್ಟಿರುತ್ತಾನೆ. ಹಂದಿಗೆ ಎಂದು ಕಟ್ಟಿದ ಕ್ಲಚ್ ವೈರಿಗೆ ಚಿರತೆ ಸಿಕ್ಕಿ, ಅವನೇ ಗಾಬರಿಯಾಗುತ್ತಾನೆ. ಇವನನ್ನು ತಡೆಯುವುದು ಬೆಳೆ ಪರಿಹಾರ ಬೇಗ ಬರುವುದು, ಒಂದು ಎಚ್ಚರಿಕೆ. ಒಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿದರೆ ಇವನು ಮತ್ತೆ ಆ ದಿಕ್ಕಿಗೆ ಹೋಗುವುದು ಕಡಿಮೆ.

ಪಟ್ಟಣದಿಂದ ಜೀಪಿನಲ್ಲಿ, ಹೆಡ್‌ಲೈಟು, ಬಂದೂಕು ಹಿಡಿದು ಮೋಜಿಗೆ ಬರುವವರಿಗೆ ಮರ್ಯಾದೆ ಮುಖ್ಯ. ಜೈಲಿಗಿಂತ ವಾಹನ, ಲೈಸೆನ್ಸು ಹೋಗುವುದು ಅವರಿಗೆ ಹೆಚ್ಚು ನೋವು.

ಮಾಂಸ ಮಾರುವವನು ಲೆಕ್ಕದ ಮನುಷ್ಯ. ಗಿರಾಕಿ ಇರುವ ತನಕ ಇವನು ನಿಲ್ಲುವುದಿಲ್ಲ. ಪದೇ ಪದೇ ಸಿಗುವವರಲ್ಲಿ ಇವನೇ ಮೊದಲು.

ಚಿಪ್ಪುಹಂದಿಯ ಚಿಪ್ಪು, ಚಿರತೆ ಉಗುರು, ನಕ್ಷತ್ರ ಆಮೆ, 'ಎರಡು ತಲೆ ಹಾವು' ಎಂದು ಮಾರುವ ಮಣ್ಣುಮುಕ್ಕ ಹಾವು, ಇವುಗಳ ದಲ್ಲಾಳಿ ಕಾಡಿಗೆ ಕಾಲಿಡುವುದೇ ಇಲ್ಲ. ಹಿಡಿದುಕೊಟ್ಟವನು ಒಳಗೆ ಹೋದರೆ ಮುಂದಿನ ವಾರ ಇನ್ನೊಬ್ಬನನ್ನು ಹಿಡಿಯುತ್ತಾನೆ. ಇಲ್ಲಿ ಕೂಲಿಯವನಿಗೆ ಎಷ್ಟು ಶಿಕ್ಷೆ ಕೊಟ್ಟರೂ ಬೇಟೆ ನಿಲ್ಲದು. ಫೋನ್ ಕರೆ ವಿವರ, ಹಣ ಹೋದ ಖಾತೆ ಹಿಡಿದು ಮೇಲಕ್ಕೆ ಹೋಗಬೇಕು. ಅಕ್ರಮ ಬೇಟೆ, ಸಾಗಣೆಯಿಂದ ಗಳಿಸಿದ ಆಸ್ತಿ ಮುಟ್ಟುಗೋಲಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಅದನ್ನು ಯಾರೂ ತೆರೆಯುವುದಿಲ್ಲ ಎಂಬುದು ನಮ್ಮ ದೂರು.

ಇದಕ್ಕೆ ಅಧ್ಯಯನದ ಆಧಾರ ಇದೆಯೇ?

ಇದೆ. ಜಾಂಬಿಯಾದ ಲುವಾಂಗ್ವಾ ಕಣಿವೆಯ ಆನೆ, ಖಡ್ಗಮೃಗ ಬೇಟೆ ಕುರಿತ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಶಿಕ್ಷೆ ಬಿಗಿ ಮಾಡುವುದಕ್ಕಿಂತ ಪತ್ತೆಯಾಗುವ ಸಾಧ್ಯತೆ ಹೆಚ್ಚಿಸುವುದೇ ಹೆಚ್ಚು ತಡೆಯುತ್ತದೆ, ಸ್ಥಳೀಯ ಬೇಟೆಗಾರನೂ ಹೊರಗಿನ ಸಂಘಟಿತ ಗುಂಪೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತಾರೆ ಎಂಬುದು ಅದರ ಸಾರ. ಬೇರೆ ಅಪರಾಧಗಳ ಬಗೆಗಿನ ಸಂಶೋಧನೆಯೂ ಇದೇ ದಿಕ್ಕಿಗಿದೆ. ಆಫ್ರಿಕದ ಆನೆಯಿಂದ ಶಿರಾದ ಮೊಲಕ್ಕೆ ನೇರ ಗೆರೆ ಎಳೆಯಲಾಗದು, ಆದರೆ ಮನುಷ್ಯನ ಲೆಕ್ಕಾಚಾರ ಎರಡೂ ಕಡೆ ಒಂದೇ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಹುಲಿ, ಚಿರತೆ ಚರ್ಮದ ಕುಖ್ಯಾತ ವ್ಯಾಪಾರಿ ಸಂಸಾರ್ ಚಂದ್. ಮೊದಲ ಸಲ ಸಿಕ್ಕಿಬಿದ್ದದ್ದು 1974ರಲ್ಲಿ. ಕೇಸಿನ ಮೇಲೆ ಕೇಸು ಬಿದ್ದರೂ ಚರ್ಮದ ವ್ಯಾಪಾರ ನಿಲ್ಲಲಿಲ್ಲ. ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲಿನಲ್ಲಿ ಹುಲಿಯೇ ಉಳಿದಿಲ್ಲ ಎಂದು ಗೊತ್ತಾದ 2005ರಲ್ಲಿ ದೆಹಲಿಯಲ್ಲಿ ಮತ್ತೆ ಸಿಕ್ಕಿದ. ಚಿರತೆ ಚರ್ಮದ ಪ್ರಕರಣವೊಂದರ 5 ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2010ರಲ್ಲಿ. ಮೊದಲ ಬಂಧನದಿಂದ ಅಲ್ಲಿಗೆ 36 ವರ್ಷ.

ಬೇಟೆಯಾಡುವುದು ಕೆಲವು ಸಮುದಾಯದವರೇ ಅಲ್ಲವೇ? ಅವರ ಮೇಲೆ ಕಣ್ಣಿಟ್ಟರೆ ಸಾಕಲ್ಲ?

ಸಾಲದು, ಸರಿಯೂ ಅಲ್ಲ. 1871ರಲ್ಲಿ ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು, 1952ರಲ್ಲಿ ಆ ಪಟ್ಟಿ ರದ್ದಾಯಿತು. ಜಾತಿ ನೋಡಿ ಹಿಡಿದರೆ ಸಾಕ್ಷ್ಯ ಹುಡುಕುವ ಅಭ್ಯಾಸವೇ ತಪ್ಪಿಹೋಗುತ್ತದೆ, ಜೀಪಿನಲ್ಲಿ ಬಂದವನು ನಿರಾಳವಾಗಿ ಮನೆ ಸೇರುತ್ತಾನೆ. ಕಣ್ಣಿಡಬೇಕಾದದ್ದು ಹಿಂದಿನ ದಾಖಲೆಯ ಮೇಲೆ.

ವಾಹನ, ಬಂದೂಕು ಕಿತ್ತುಕೊಂಡರೆ ಉಪಯೋಗವಿದೆಯೇ?

ಇದೆ. ಬೈಕು ಕಳೆದುಕೊಳ್ಳುವುದು ಕಣ್ಣಿಗೆ ಕಾಣುವ, ಆ ದಿನವೇ ಬೀಳುವ ಪೆಟ್ಟು. 39ನೇ ಕಲಮು ಬಳಸಿದ ವಾಹನ ಸರ್ಕಾರದ ಸ್ವತ್ತಾಗುತ್ತದೆ ಎನ್ನುತ್ತದೆ. ಆದರೆ ಅಪರಾಧಕ್ಕೆ ಬಳಕೆಯಾಯಿತೆಂದು ಕೋರ್ಟು ಹೇಳುವ ಮುಂಚೆ ಹಾಗಾಗದು, ಮ್ಯಾಜಿಸ್ಟ್ರೇಟರು ಮಧ್ಯಂತರವಾಗಿ ಬಿಡುಗಡೆ ಮಾಡಬಹುದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದೆ. ಹಾಗಾಗಿ ಬಿಡುಗಡೆ ಅರ್ಜಿ ಬಂದ ದಿನ ಲಿಖಿತ ಆಕ್ಷೇಪಣೆ ಹಾಕಬೇಕು, ಕೊಡುವುದೇ ಆದರೆ ವಾಹನದ ಬೆಲೆಯಷ್ಟು ಭದ್ರತೆ ಕೇಳಬೇಕು.

ಬಂದೂಕಿನ ವಿಷಯದಲ್ಲಿ 51(4) ಇದೆ. ಶಿಕ್ಷೆಯಾದರೆ ಆ ಬಂದೂಕಿನ ಲೈಸೆನ್ಸ್ ರದ್ದುಪಡಿಸಿ 5 ವರ್ಷ ಹೊಸದು ಸಿಗದಂತೆ ಕೋರ್ಟು ನಿರ್ದೇಶಿಸಬಹುದು. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದವರಿಗೆ ಇದು ನೇರ ತಾಗುತ್ತದೆ. ಲೈಸೆನ್ಸ್ ಇಲ್ಲದ ನಾಡಬಂದೂಕಾದರೆ ಆಯುಧ ಕಾಯ್ದೆ, ಸಿಡಿಮದ್ದಾದರೆ ಸ್ಫೋಟಕಗಳ ಕಾಯ್ದೆ, ಕರೆಂಟ್ ತಂತಿಯಾದರೆ ವಿದ್ಯುತ್ ಕಳವು. ಇವು ಪೊಲೀಸರ ಪ್ರತ್ಯೇಕ ಕೇಸುಗಳು. ವನ್ಯಜೀವಿ ಕೇಸು ಬಿದ್ದರೂ ಇವು ನಿಲ್ಲಬಹುದು.

ಗಸ್ತು ಯಾವಾಗ ಮಾಡಿದರೆ ಸಿಗುತ್ತಾರೆ?

ಗಂಟೆ ಹೊಡೆದ ಹಾಗೆ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಜೀಪು ಓಡಿಸಿದರೆ ಯಾರೂ ಸಿಗುವುದಿಲ್ಲ. ಹೊಸತೊಡಕಿನ ಹಿಂದಿನ ವಾರ, ಊರ ಹಬ್ಬಗಳ ಮುನ್ನಾ ದಿನ, ಬೇಸಿಗೆಯಲ್ಲಿ ನೀರು ಉಳಿದ ಕುಂಟೆಗಳ ಸುತ್ತ, ಅಮಾವಾಸ್ಯೆಯ ಆಸುಪಾಸಿನ ಕತ್ತಲ ರಾತ್ರಿ, ಕಡಲೆಕಾಯಿ, ರಾಗಿ ಬಲಿಯುವ ಕಾಲ. ಉರುಳು ಹುಡುಕಲು ಮಾತ್ರ ಹಗಲೇ ಬೇಕು, ನಡೆದೇ ಹೋಗಬೇಕು, ಬೇಲಿಯ ಕಿಂಡಿಗಳನ್ನು ಬಗ್ಗಿ ನೋಡಬೇಕು.

ಹಂದಿ ಕಾಟಕ್ಕೆ ರೈತ ಏನು ಮಾಡಬೇಕು?

ಬೆಳೆ ಹಾನಿ ಆದ ತಕ್ಷಣ ಫೋಟೋ, ಪಹಣಿ, ಬ್ಯಾಂಕ್ ಪಾಸ್‌ಬುಕ್ ನಕಲಿನೊಂದಿಗೆ ವಲಯ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಹಾವಳಿ ವಿಪರೀತವಾದರೆ ವನ್ಯಜೀವಿ ಕಾಯ್ದೆಯ 11(1)(ಬಿ) ಅಡಿ ಹಂದಿ ಹೊಡೆಯಲು ಲಿಖಿತ ಅನುಮತಿಗೆ ದಾರಿ ಇದೆ. ಅದು ಬಿಟ್ಟು ತಂತಿಗೆ ಕರೆಂಟ್ ಕೊಟ್ಟರೆ ಮುಂಜಾನೆ ನೀರು ಹಾಯಿಸಲು ಬಂದ ಪಕ್ಕದ ಹೊಲದವನೂ ಸಾಯುತ್ತಾನೆ.

ಉರುಳು ಕಂಡರೆ ಕಿತ್ತುಹಾಕಬಹುದೇ?

ಮೊದಲು ಮುಟ್ಟಬೇಡಿ. ದೂರದಿಂದ ಒಂದು, ಹತ್ತಿರದಿಂದ ಎರಡು ಫೋಟೋ ತೆಗೆದು, ಜಾಗದ ಲೊಕೇಶನ್ ಉಳಿಸಿಕೊಂಡು 1926 ಅರಣ್ಯ ಸಹಾಯವಾಣಿಗೆ ಅಥವಾ ವಲಯ ಕಚೇರಿಗೆ ಫೋನ್ ಮಾಡಿ. ಒಂದು ಉರುಳು ಇದ್ದಲ್ಲಿ ಸುತ್ತ ಇನ್ನಷ್ಟು ಇರುವುದೇ ಹೆಚ್ಚು. ಸಿಬ್ಬಂದಿ ತಡ ಎಂದರೆ ಫೋನಿನಲ್ಲೇ ಒಪ್ಪಿಗೆ ಕೇಳಿ ಕುಣಿಕೆಯನ್ನಷ್ಟೇ ಸಡಿಲಿಸಿ ಮುಚ್ಚಬಹುದು. ಸಿಡಿಮದ್ದಿನ ಉಂಡೆಯನ್ನು ಕೋಲಿನಿಂದಲೂ ಮುಟ್ಟಬೇಡಿ. ಚಿರತೆ ಸಿಕ್ಕಿಕೊಂಡಿದ್ದರೆ ಫೋಟೋ ಗ್ರೂಪಿಗೆ ಹಾಕಬೇಡಿ. ಜನ ಸೇರಿದಷ್ಟೂ ಅದು ಎಳೆದಾಡಿ ತಂತಿ ಕಡಿಯುತ್ತದೆ, ಇಲ್ಲವೇ ಕಾಲು ಕಡಿದುಕೊಳ್ಳುತ್ತದೆ.

ಇಲಾಖೆ ಕೇಸು ಹಾಕದಿದ್ದರೆ ನಾವೇ ಹಾಕಬಹುದೇ?

ಹಾಕಬಹುದು. 55ನೇ ಕಲಮಿನಡಿ ಅಪರಾಧದ ವಿವರ ಮತ್ತು ದೂರು ಕೊಡುವ ಉದ್ದೇಶ ತಿಳಿಸಿ 60 ದಿನಗಳ ನೋಟಿಸ್ ಕೊಟ್ಟ ಯಾವ ವ್ಯಕ್ತಿಯೂ ನೇರ ಕೋರ್ಟಿಗೆ ಹೋಗಬಹುದು. ಬಹಳ ಸಲ ನೋಟಿಸ್ ತಲುಪಿದ ಮೇಲೆ ಕಡತ ತಾನಾಗಿ ಏಳುತ್ತದೆ.

ಸುಳಿವು ಕೊಟ್ಟವರಿಗೆ ಏನಾದರೂ ಸಿಗುತ್ತದೆಯೇ?

ದಂಡದ ಹಣದಲ್ಲಿ ಶೇ 50ರವರೆಗೆ ಬಹುಮಾನ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಶಿಕ್ಷೆಯಾದ ಮೇಲೆ ಮಾತ್ರ.

ನಾನು ಬೇಟೆಯಾಡಿಲ್ಲ, ಮಾಂಸ ಕೊಂಡೆ ಅಷ್ಟೇ. ಅದೂ ತಪ್ಪೇ?

ತಪ್ಪು. ಬೇಟೆಯಾಡಿದ ಪ್ರಾಣಿ ಸರ್ಕಾರದ ಸ್ವತ್ತು, ಅನುಮತಿ ಇಲ್ಲದೆ ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ನವಿಲು, ಉಡದ ಮಾಂಸವಾದರೆ ಕನಿಷ್ಠ 3 ವರ್ಷದ ಕಲಮು ತಟ್ಟೆಯ ಮುಂದೆ ಕೂತವನಿಗೂ ಅದೇ.